ಬಣ್ಣ ಬದಲಿಸುವ ಗಾಜಿನ ಮಣಿ ತಯಾರಿಕೆ: ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

ಉಜ್ಜಿನಿಯ ಶ್ರೀ ಮರುಳಸಿದ್ಧೇಶ್ವರ ಸ್ವಾಮಿ ಜಾತ್ರೆಯಲ್ಲಾಗಲಿ, ಕೊಟ್ಟೂರಿನ ಶ್ರೀ ಗುರುಬಸವೇಶ್ವರ ರಥೋತ್ಸವದಲ್ಲಾಗಲಿ ಬಳೆ ಮತ್ತು ಮಣಿಸರಗಳ ಅಂಗಡಿಗಳಿಗೆ ಗಿರಾಕಿಗಳ ಕೊರತೆ ಇರುವುದಿಲ್ಲ. ಇಂತಹ ಮಣಿಗಳನ್ನು ಸ್ವತಃ ತಯಾರಿಸಲು ಘಟಕ ಸ್ಥಾಪಿಸಬಯಸುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಹಿನ್ನೆಲೆ

ಗಾಜಿನ ಕೆಲಸ ಈ ಸೀಮೆಗೆ ಹೊಸದೇನಲ್ಲ. ನೆರೆಯ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮತ್ತೋಡು ಗ್ರಾಮವು ಹಿಂದೆ ಬಳೆಗಾಜಿಗೆ ಹೆಸರಾಗಿತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಅಲ್ಲಿ ಕಪ್ಪು, ಹಸಿರು, ಕೆಂಪು, ನೀಲಿ ಮತ್ತು ಹಳದಿ ಎಂಬ ಐದು ಬಣ್ಣಗಳ ಗಾಜು ತಯಾರಾಗುತ್ತಿದ್ದುದನ್ನು ದಾಖಲಿಸಿರುತ್ತಾನೆ.

ಬಣ್ಣ ಬದಲಾಗುವ ಬಗೆ

ಗಾಜಿನ ಬಣ್ಣವು ಅದರಲ್ಲಿರುವ ಲೋಹವನ್ನು ಮಾತ್ರವಲ್ಲದೆ, ಆ ಲೋಹಕ್ಕೆ ದೊರೆತ ಬೆಂಕಿಯನ್ನೂ ಅವಲಂಬಿಸಿರುತ್ತದೆ. ಆಮ್ಲಜನಕ ಹೆಚ್ಚಿರುವ ಜ್ವಾಲೆಯಲ್ಲಿ ತಾಮ್ರವು ಗಾಜಿಗೆ ನೀಲಿ ಹಸಿರು ಬಣ್ಣ ನೀಡುತ್ತದೆ. ಅನಿಲ ಹೆಚ್ಚಾಗಿ ಆಮ್ಲಜನಕ ಕಡಿಮೆಯಾದ ಜ್ವಾಲೆಯಲ್ಲಿ ಅದೇ ತಾಮ್ರವು ಕೆಂಪು ಬಣ್ಣ ನೀಡಬಲ್ಲದು. ಚಿನ್ನ ಅಥವಾ ಬೆಳ್ಳಿಯ ಅಂಶವಿರುವ ಕೆಲವು ಗಾಜುಗಳು ಬರ್ನರಿನಲ್ಲಿ ಕರಗಿಸುವಾಗ ಬಣ್ಣವಿಲ್ಲದಂತೆ ಕಾಣುತ್ತವೆ; ತುಸು ಆರಿಸಿ ಮತ್ತೆ ಕಾಯಿಸಿದಾಗ ಲೋಹದ ಅತಿಸೂಕ್ಷ್ಮ ಕಣಗಳು ರೂಪುಗೊಂಡು ಬಣ್ಣ ಹೊರಹೊಮ್ಮುತ್ತದೆ.

ವಿದ್ಯುತ್ ಕುಲುಮೆ ಏಕೆ ಅಗತ್ಯ

ಘಟಕದ ಅಂದಾಜು ಪಟ್ಟಿಯಲ್ಲಿ ಬರ್ನರ್ ಮತ್ತು ಗಾಜಿನ ಕಡ್ಡಿಗಳನ್ನು ಮಾತ್ರ ತೋರಿಸಿ, ವೆಚ್ಚ ತಗ್ಗಿಸಲು ಕುಲುಮೆಯನ್ನು ಕೈಬಿಡುವುದು ಸೂಕ್ತವಲ್ಲ. ಜ್ವಾಲೆಯಿಂದ ತೆಗೆದ ಮಣಿಯ ಹೊರಭಾಗವು ಬೇಗನೆ, ಒಳಭಾಗವು ನಿಧಾನವಾಗಿ ಆರುತ್ತದೆ. ಇದರಿಂದ ಒಳಗೆ ಬಿಗಿತ ಉಳಿಯುತ್ತದೆ. ಇಂತಹ ಮಣಿ ಆ ದಿನ ಚೆನ್ನಾಗಿಯೇ ಕಾಣಬಹುದು. ವಾರಗಳ ನಂತರ ಗಿರಾಕಿಯ ಕೊರಳಿನಲ್ಲಿ ಸೀಳಬಹುದು. ಸೀಳಿದ ಗಾಜಿನ ಅಂಚು ಚರ್ಮವನ್ನು ಕೊಯ್ಯುತ್ತದೆ ಮತ್ತು ತಯಾರಕರ ಮೇಲಿನ ನಂಬಿಕೆ ಹೋಗುತ್ತದೆ. ಸಾಲದ ಕಂತು ಮಾತ್ರ ಉಳಿಯುತ್ತದೆ.

ಆದ್ದರಿಂದ ಮಣಿಗಳನ್ನು ಬಿಸಿಯಿರುವಾಗಲೇ ಕುಲುಮೆಯಲ್ಲಿಡತಕ್ಕದ್ದು. ಸಾಮಾನ್ಯ ಮೃದು ಗಾಜಿಗೆ ಸುಮಾರು 500ರಿಂದ 540 ಡಿಗ್ರಿ, ಬೋರೋಸಿಲಿಕೇಟ್ ಗಾಜಿಗೆ ಸುಮಾರು 560 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಕಾಯ್ದುಕೊಂಡು, ನಂತರ ಹಂತಹಂತವಾಗಿ ತಣಿಸಬೇಕು. ಈ ಎರಡು ಬಗೆಯ ಗಾಜುಗಳನ್ನು ಒಂದೇ ಮಣಿಯಲ್ಲಿ ಬೆರೆಸಬಾರದು; ಅವು ಹಿಗ್ಗುವ ಮತ್ತು ಕುಗ್ಗುವ ಪ್ರಮಾಣ ಬೇರೆಯಾಗಿರುವುದರಿಂದ ಮಣಿ ಒಡೆಯುತ್ತದೆ. ನಡುವೆ ವಿದ್ಯುತ್ ನಿಂತರೆ ಮಣಿಗಳು ಬೇಗನೆ ತಣಿಯುವ ಕಾರಣ, ಸರಬರಾಜಿನ ಅವಧಿಯನ್ನು ಮುಂಚಿತವಾಗಿ ತಿಳಿದು ಕೆಲಸದ ವೇಳೆ ನಿಗದಿಪಡಿಸಿಕೊಳ್ಳುವುದು.

ಸುರಕ್ಷತೆ

1. ಗೃಹಬಳಕೆಯ ಅಡುಗೆ ಅನಿಲ ಸಿಲಿಂಡರನ್ನು ಉದ್ಯಮಕ್ಕೆ ಬಳಸುವಂತಿಲ್ಲ. ವಾಣಿಜ್ಯ ಸಂಪರ್ಕ ಪಡೆಯತಕ್ಕದ್ದು.
2. ಆಮ್ಲಜನಕ ಸಿಲಿಂಡರಿನ ಕವಾಟಕ್ಕೆ ಎಣ್ಣೆ ಅಥವಾ ಗ್ರೀಸ್ ತಗುಲಬಾರದು. ಕೊಳವೆಗಳಿಗೆ ಜ್ವಾಲೆ ಹಿಮ್ಮರಳದಂತೆ ತಡೆಯುವ ಸಾಧನ ಅಳವಡಿಸಬೇಕು.
3. ಲೋಹದ ಹೊಗೆ ಹೊರಹೋಗಲು ಎಕ್ಸಾಸ್ಟ್ ಫ್ಯಾನ್ ಇರಬೇಕು.
4. ಗಾಜಿನಿಂದ ಏಳುವ ಹಳದಿ ಪ್ರಭೆಯನ್ನು ತಡೆಯುವ ಡಿಡಿಮಿಯಂ ಕನ್ನಡಕ ಧರಿಸಬೇಕು.

ಅರ್ಜಿ ಸಲ್ಲಿಸುವ ಮುನ್ನ

2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಗಾಜಿನ ಕೆಲಸ ಪ್ರತ್ಯೇಕವಾಗಿ ಸೇರಿರುವುದಿಲ್ಲ. ಕೈಕೆಲಸದಿಂದ ಮಣಿ ತಯಾರಿಸುವವರು ಕೇಂದ್ರ ಜವಳಿ ಸಚಿವಾಲಯದ ಅಭಿವೃದ್ಧಿ ಆಯುಕ್ತರ (ಕರಕುಶಲ) ಕಚೇರಿಯು ನೀಡುವ ಕುಶಲಕರ್ಮಿ ಗುರುತಿನ ಚೀಟಿಯ ಬಗ್ಗೆ ವಿಚಾರಿಸಬಹುದು. ಸಣ್ಣ ಉದ್ಯಮಗಳಿಗೆ 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿ ಉಚಿತವಾಗಿದ್ದು, ಇದಕ್ಕಾಗಿ ಮಧ್ಯವರ್ತಿಗಳಿಗೆ ಹಣ ನೀಡಬೇಕಾಗಿಲ್ಲ.

ಸಾಲ ಕೋರುವವರು ಯೋಜನಾ ವರದಿಯಲ್ಲಿ ಬರ್ನರ್, ಉಷ್ಣತಾ ನಿಯಂತ್ರಕ ಸಹಿತ ಕುಲುಮೆ, ಎಕ್ಸಾಸ್ಟ್ ಫ್ಯಾನ್ ಮತ್ತು ಸುರಕ್ಷತಾ ಸಾಧನಗಳ ದರಪಟ್ಟಿಯನ್ನು ಪ್ರತ್ಯೇಕವಾಗಿ ನಮೂದಿಸುವುದು. ಕಲಿಕೆಯ ಅವಧಿಯಲ್ಲಿ ಒಡೆದು ಹಾಳಾಗುವ ಗಾಜಿನ ವೆಚ್ಚವನ್ನೂ ದುಡಿಯುವ ಬಂಡವಾಳದಲ್ಲಿ ಸೇರಿಸುವುದು. ಹೆಚ್ಚಿನ ಮಾರ್ಗದರ್ಶನಕ್ಕೆ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.