ಮೆಳ್ಳೆಗಣ್ಣು ಅದೃಷ್ಟವಲ್ಲ, ಒಮ್ಮೆ ತೋರಿಸಿ

ಮಗುವಿಗೆ ಮೆಳ್ಳೆಗಣ್ಣಿದ್ದರೆ ಮನೆಗೆ ಅದೃಷ್ಟ ಎಂದು ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಈಗಲೂ ಹೇಳುವವರಿದ್ದಾರೆ. ಬಹಳಷ್ಟು ಮಕ್ಕಳಲ್ಲಿ ಅದು ಬರೀ ಮೆಳ್ಳೆಗಣ್ಣೇ. ಕನ್ನಡಕದಿಂದಲೋ ಸಣ್ಣ ಆಪರೇಷನ್‌ನಿಂದಲೋ ಸರಿಹೋಗುತ್ತದೆ. ಆದರೆ ಕೆಲವು ಮಕ್ಕಳಲ್ಲಿ ಕಣ್ಣು ಓರೆಯಾಗುವುದು ಆ ಕಣ್ಣಿಗೆ ಸರಿಯಾಗಿ ಕಾಣಿಸುತ್ತಿಲ್ಲ ಎಂಬುದರ ಸೂಚನೆ. ಅಪರೂಪಕ್ಕೆ, ಅದರ ಹಿಂದೆ ಕಣ್ಣಿನ ನರದಲ್ಲಿ ಬೆಳೆಯುತ್ತಿರುವ ಗೆಡ್ಡೆಯೂ ಇರಬಹುದು.

ನಮ್ಮ ಬೀದಿಯ ಮೂರು ವರ್ಷದ ಹುಡುಗಿಗೆ ಆದದ್ದು ಇದೇ. ಅಜ್ಜಿಗೆ ಅವಳು ಅದೃಷ್ಟದ ಮೊಮ್ಮಗಳು. ಆಟವಾಡಿಸುವಾಗ ಒಂದು ಕಣ್ಣು ಮುಚ್ಚಿದರೆ ಅಳುತ್ತಾಳೆ, ಇನ್ನೊಂದು ಮುಚ್ಚಿದರೆ ಸುಮ್ಮನಿರುತ್ತಾಳೆ ಎಂದು ಮೊದಲು ಗಮನಿಸಿದ್ದು ಅಂಗನವಾಡಿ ಟೀಚರ್. ಅವರಪ್ಪ ಅಟ್ಟದಲ್ಲಿದ್ದ ಕಾಯಿಯನ್ನು ಕೊಬ್ಬರಿಯಾಗುವ ಮೊದಲೇ ಮಾರಿ ಬೆಂಗಳೂರಿನ ರೈಲು ಹತ್ತಿದರು. ಎಂಆರ್‌ಐ ನೋಡಿದ ಡಾಕ್ಟರು ‘ಆಪ್ಟಿಕ್ ನರ್ವ್ ಗ್ಲಿಯೋಮಾ’ ಎಂದರು. ಆ ಹೆಸರು ಏನೆಂದು ಹುಡುಕುತ್ತಾ ಹೋಗಿಯೇ ನಾನು ಇಷ್ಟೆಲ್ಲ ಓದಿದ್ದು.

ಆಪ್ಟಿಕ್ ನರವನ್ನು ನಮ್ಮ ಎಂಜಿನಿಯರಿಂಗ್ ಭಾಷೆಯಲ್ಲಿ ಕೇಬಲ್ ಎನ್ನಬಹುದು. ಉದ್ದ ಸುಮಾರು 5 ಸೆಂ.ಮೀ. ಅಷ್ಟರೊಳಗೆ 10 ಲಕ್ಷಕ್ಕೂ ಹೆಚ್ಚು ಎಳೆಗಳು. ಗ್ಲಿಯೋಮಾ ಹುಟ್ಟುವುದು ಈ ಎಳೆಗಳಲ್ಲಲ್ಲ, ಅವುಗಳಿಗೆ ಆಸರೆಯಾಗಿರುವ ಗ್ಲಿಯಾ ಎಂಬ ಕೋಶಗಳಲ್ಲಿ. ಗೆಡ್ಡೆ ದೊಡ್ಡದಾದಂತೆ ಎಳೆಗಳು ನಲುಗುತ್ತವೆ. ಕೇಬಲ್ ಆದರೆ ಕತ್ತರಿಸಿ ಜೋಡಿಸಬಹುದು, ಈ ನರ ಹಾಗಲ್ಲ. ತೆಂಗಿನ ಮರಕ್ಕೆ ಇರುವುದು ಒಂದೇ ಸುಳಿ, ಅದು ಕೊಳೆತರೆ ಪಕ್ಕದಲ್ಲಿ ಇನ್ನೊಂದು ಚಿಗುರುವುದಿಲ್ಲವಲ್ಲ, ಇದೂ ಹಾಗೆಯೇ. ಸತ್ತ ಎಳೆ ಮತ್ತೆ ಬೆಳೆಯುವುದಿಲ್ಲ.

ಹಾಗೆಂದು ‘ಕ್ಯಾನ್ಸರ್’ ಎಂಬ ಪದ ಕೇಳಿಯೇ ಕುಸಿಯಬೇಕಿಲ್ಲ. ಮಕ್ಕಳಲ್ಲಿ ಬರುವ ಈ ಗೆಡ್ಡೆ ಬಹುಪಾಲು ನಿಧಾನವಾಗಿ ಬೆಳೆಯುವಂಥದ್ದು, ಬೇರೆ ಅಂಗಗಳಿಗೆ ಹರಡುವುದು ತೀರಾ ಅಪರೂಪ. ಕೆಲವು ಮಕ್ಕಳಲ್ಲಿ ವರ್ಷಗಟ್ಟಲೆ ಹಾಗೇ ನಿಂತುಬಿಡುತ್ತದೆ. ಆದ್ದರಿಂದ ಎಷ್ಟೋ ಸಲ ಡಾಕ್ಟರು ಆಪರೇಷನ್ ಮಾಡದೆ, ಕಾಲಕಾಲಕ್ಕೆ ಎಂಆರ್‌ಐ ಮತ್ತು ದೃಷ್ಟಿ ಪರೀಕ್ಷೆ ಮಾಡುತ್ತಾ ಕಾಯುತ್ತಾರೆ. ‘ದುಡ್ಡು ತಗೊಂಡು ಏನೂ ಮಾಡಲಿಲ್ಲ’ ಎಂದು ನಮ್ಮ ಬೀದಿಯಲ್ಲಿ ಮಾತಾಡಿಕೊಂಡರು, ಆದರೆ ಆ ಕಾಯುವುದೂ ಚಿಕಿತ್ಸೆಯೇ. ದೃಷ್ಟಿ ಇಳಿಯತೊಡಗಿದರೆ ಕಿಮೋಥೆರಪಿ. ಅದರಲ್ಲಿ ಬಳಸುವ ವಿನ್‌ಕ್ರಿಸ್ಟಿನ್ ಔಷಧಿ ಸಿಕ್ಕಿದ್ದು ಮನೆಯಂಗಳದ ನಿತ್ಯಪುಷ್ಪ ಗಿಡದಿಂದ ಎಂದು ತಿಳಿದಾಗ ನನಗೆ ಅಚ್ಚರಿಯಾಯಿತು. (ದಯವಿಟ್ಟು ಯಾರೂ ಎಲೆ ಅಗಿಯಲು ಹೋಗಬೇಡಿ, ಗಿಡ ವಿಷ.)

ಹಾಲು ಹಾಕಿದ ಕಾಫಿಯ ಬಣ್ಣದ ಮಚ್ಚೆಗಳು ಮಗುವಿನ ಮೈಮೇಲೆ ಆರು ಅಥವಾ ಅದಕ್ಕಿಂತ ಹೆಚ್ಚು ಇವೆಯೇ? ಅದು ಎನ್‌ಎಫ್-1 ಎಂಬ ವಂಶವಾಹಿ ಸಮಸ್ಯೆಯ ಲಕ್ಷಣ ಇರಬಹುದು. ಸುಮಾರು 3,000 ಮಕ್ಕಳಲ್ಲಿ ಒಬ್ಬರಿಗೆ ಅದು ಇರುತ್ತದೆ. ಅಂಥ ನೂರು ಮಕ್ಕಳಲ್ಲಿ ಸುಮಾರು 15 ಮಂದಿಗೆ ಕಣ್ಣಿನ ನರದ ದಾರಿಯಲ್ಲಿ ಗ್ಲಿಯೋಮಾ ಕಾಣಿಸಿಕೊಳ್ಳುತ್ತದೆ. ಈ ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಕಣ್ಣಿನ ತಪಾಸಣೆ ಬೇಕೇ ಬೇಕು.

ಇದಕ್ಕಿಂತ ಅವಸರದ್ದು ರೆಟಿನೋಬ್ಲಾಸ್ಟೋಮಾ. ಐದು ವರ್ಷದೊಳಗಿನ ಮಕ್ಕಳ ಅಕ್ಷಿಪಟಲದಲ್ಲಿ ಹುಟ್ಟಿ, ಬಿಟ್ಟರೆ ಇದೇ ಆಪ್ಟಿಕ್ ನರದ ಮೂಲಕ ಮೆದುಳಿಗೆ ಏರುವ ಕ್ಯಾನ್ಸರ್. ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಪಾಪೆ ಕೆಂಪಗಲ್ಲದೆ ಬೆಳ್ಳಗೆ ಹೊಳೆಯುವುದು ಇದರ ಗುರುತು. ಅಮೆರಿಕದ ರಸಾಯನಶಾಸ್ತ್ರದ ಮೇಷ್ಟ್ರು ಬ್ರಯಾನ್ ಶಾ ಅವರ ಮಗನಿಗೇ ಇದು ಬಂದಿತ್ತು. ಹಳೆಯ ಫೋಟೊಗಳಲ್ಲಿ ಆ ಬಿಳಿ ಹೊಳಪು ಮೊದಲಿನಿಂದಲೂ ಇದ್ದದ್ದು ಕಂಡು, ಕಂಪ್ಯೂಟರ್ ಸೈನ್ಸ್‌ನವರ ಜೊತೆ ಸೇರಿ ‘ಕ್ರೇಡಲ್’ ಎಂಬ ಆ್ಯಪ್ ಮಾಡಿದರು. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಣ್ಣಿನ ತೊಂದರೆ ಇದ್ದ 20 ಮಕ್ಕಳ ಪೈಕಿ 16 ಮಕ್ಕಳ ಫೋಟೊಗಳಲ್ಲಿ, ರೋಗ ಪತ್ತೆಯಾಗುವ ಸರಾಸರಿ 1.3 ವರ್ಷ ಮೊದಲೇ ಅದು ಹೊಳಪನ್ನು ಗುರುತಿಸಿತ್ತು. ಪ್ರಾಜೆಕ್ಟ್‌ಗೆ ವಿಷಯ ಸಿಗುತ್ತಿಲ್ಲ ಎನ್ನುವ ಸಹಪಾಠಿಗಳು ಇದನ್ನು ಓದಿ ನೋಡಿ. ಹೊಳಪು ಕಂಡರೆ ಮಾತ್ರ ಆ್ಯಪ್ ನಂಬಿ ಕೂರದೆ ಆ ವಾರವೇ ಕಣ್ಣಿನ ಡಾಕ್ಟರ ಬಳಿ ಹೋಗಬೇಕು. ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಇದೆ, ಕ್ಯಾನ್ಸರ್‌ಗೆ ಕಿದ್ವಾಯಿ ಇದೆ.

ನಮ್ಮ ವಯಸ್ಸಿನವರಿಗೆ ಇಂಥ ಗೆಡ್ಡೆ ಅಪರೂಪ. ಆದರೂ ಒಂದು ಪರೀಕ್ಷೆ ಸುಲಭ: ಒಂದೊಂದೇ ಕಣ್ಣು ಮುಚ್ಚಿ ಯಾವುದಾದರೂ ಕೆಂಪು ವಸ್ತು ನೋಡಿ. ಒಂದು ಕಣ್ಣಿಗೆ ಕೆಂಪು ಮಾಸಿದಂತೆ ಕಂಡರೆ ನರದ ತೊಂದರೆ ಇರಬಹುದು, ತೋರಿಸಿಕೊಳ್ಳಿ. ನಾನು ಹಾಸ್ಟೆಲ್‌ನಲ್ಲಿ ಕೆಂಪು ಪೆನ್ ಕ್ಯಾಪ್ ಹಿಡಿದು ಎಲ್ಲರನ್ನೂ ಕಾಡಿದೆ. ಬಣ್ಣ ಎಲ್ಲರಿಗೂ ಸರಿಯಾಗಿತ್ತು. ಆದರೆ ರೂಮ್‌ಮೇಟ್ ಒಬ್ಬನಿಗೆ ಎಡಗಣ್ಣಲ್ಲಿ ಕ್ಯಾಪ್ ಮಂಜುಮಂಜಾಗಿ ಕಂಡಿತು. ಹೆದರಿ ತೋರಿಸಿದ, ಗೆಡ್ಡೆ ಇರಲಿಲ್ಲ. ಎರಡೂ ಕಣ್ಣು ಒಟ್ಟಿಗೆ ಬಳಸುತ್ತಿದ್ದರಿಂದ ಇಷ್ಟು ವರ್ಷ ಅವನಿಗೇ ಗೊತ್ತಾಗಿರಲಿಲ್ಲ. ಈಗ ಕನ್ನಡಕ ಹಾಕಿಕೊಂಡು ಮೊದಲ ಬೆಂಚಿನಿಂದ ಕೊನೆಯ ಬೆಂಚಿಗೆ ಹೋಗಿದ್ದಾನೆ.