ಅಂಕಿ ಸರಿಯಿದ್ದರೂ ಆಯಾಸವೇಕೆ?

ಬಳ್ಳಾರಿಯ ಪಾರ್ವತಿನಗರದಲ್ಲಿ ಒಂದು ಸಾಧಾರಣ ಮನೆಯನ್ನು ವಾಚಕರು ಊಹಿಸಿಕೊಳ್ಳಲಿ. ಮನೆಯ ತಾಯಿಗೆ ನಲವತ್ತೈದು ವರ್ಷ. ಎರಡು ವರ್ಷಗಳಿಂದ ಆಕೆ ದಿನವೂ ಥೈರಾಕ್ಸಿನ್ ಗುಳಿಗೆಯೊಂದನ್ನು ನುಂಗುತ್ತಿದ್ದಾರೆ. ರಕ್ತಪರೀಕ್ಷೆಯ ವರದಿ ಬಂದಿದೆ, ಟಿ.ಎಸ್.ಎಚ್. 2.8, ಎಲ್ಲವೂ ಸರಿ. ಆದರೆ ಮೆಟ್ಟಿಲು ಹತ್ತಿದರೆ ಏದುಸಿರು ತಪ್ಪಿಲ್ಲ. ಕೂದಲು ಉದುರುವುದು ನಿಂತಿಲ್ಲ. ಮಧ್ಯಾಹ್ನವಾದರೆ ಕಣ್ಣು ತಾನಾಗಿಯೇ ಮುಚ್ಚುತ್ತದೆ. "ಒಂದು ಗುಳಿಗೆ ಸಾಲದು, ನಾಳೆಯಿಂದ ಒಂದೂವರೆ ನುಂಗುತ್ತೇನೆ" ಎಂದು ಆಕೆ ಕಾಲೇಜಿಗೆ ಹೋಗುವ ಮಗಳೊಡನೆ ಹೇಳುತ್ತಾರೆ. ಮಗಳು ಏನೆಂದು ಉತ್ತರ ಕೊಡಬೇಕು?

ಇದು ಒಂದು ಮನೆಯ ಪ್ರಶ್ನೆಯಲ್ಲ. ಬೆಂಗಳೂರೂ ಸೇರಿದಂತೆ ನಮ್ಮ ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ವಯಸ್ಕರ ಪೈಕಿ 100ಕ್ಕೆ ಸುಮಾರು 11 ಮಂದಿಗೆ ಥೈರಾಯಿಡ್ ರಸದ ಕೊರತೆ ಕಂಡುಬಂದಿತು. ಅಯೊಡೀನ್ ಬೆರೆಸದ ಉಪ್ಪನ್ನು ಊಟಕ್ಕೆಂದು ಮಾರುವುದು 2006ರಿಂದ ದೇಶದಾದ್ಯಂತ ನಿಷಿದ್ಧ. ಆದರೂ ರೋಗ ಉಳಿದಿದೆ. ದೇಹದ ರಕ್ಷಣಾವ್ಯವಸ್ಥೆಯೇ ತಪ್ಪಿ ಗ್ರಂಥಿಯ ಮೇಲೆ ಎರಗುವುದು ಇದಕ್ಕೊಂದು ಮುಖ್ಯ ಕಾರಣ. ಜಪಾನಿನ ಹಾಶಿಮೊಟೊ ಎಂಬ ವೈದ್ಯನು 1912ರಲ್ಲಿ ವರ್ಣಿಸಿದ ವ್ಯಾಧಿ ಇದೇ.

ಮೊದಲು ಆ ಅಂಕಿಯ ಅರ್ಥವನ್ನು ತಿಳಿಯೋಣ. ಟಿ.ಎಸ್.ಎಚ್. ಎಂಬುದು ಥೈರಾಯಿಡ್ ಗ್ರಂಥಿಯ ರಸವೆಂದು ಅನೇಕರು ಭಾವಿಸಿದ್ದಾರೆ. ಅದು ನಿಜವಲ್ಲ. ಮಿದುಳಿನ ತಳದಲ್ಲಿರುವ ಪಿಟ್ಯೂಟರಿ ಗ್ರಂಥಿಯು ಥೈರಾಯಿಡಿಗೆ ಕಳುಹಿಸುವ ಆಜ್ಞೆ ಅದು. ಸಿರುಗುಪ್ಪದ ಕಡೆಯ ಗದ್ದೆಗಳಿಗೆ ಕಾಲುವೆಯ ನೀರು ಕಡಿಮೆಯಾದಾಗ ರೈತರ ಕೂಗು ಹೆಚ್ಚುವುದಿಲ್ಲವೆ? ಹಾಗೆಯೇ ರಕ್ತದಲ್ಲಿ ಥೈರಾಕ್ಸಿನ್ ಇಳಿದಾಗ ಟಿ.ಎಸ್.ಎಚ್. ಏರುತ್ತದೆ. ಈ ಕೂಗು ಬಹು ಸೂಕ್ಷ್ಮವಾದುದು. ಥೈರಾಕ್ಸಿನ್ ಅರ್ಧಕ್ಕಿಳಿದರೆ ಟಿ.ಎಸ್.ಎಚ್. ಸುಮಾರು ನೂರು ಪಟ್ಟು ಏರಬಲ್ಲದು. ವಯಸ್ಕರಲ್ಲಿ ಲೀಟರು ರಕ್ತದ್ರವಕ್ಕೆ ಸುಮಾರು 0.4ರಿಂದ 4 ಮಿಲಿಯೂನಿಟ್‌ಗಳವರೆಗೆ ಇದ್ದರೆ ಸರಿಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಮುಂಜಾನೆ ಹೆಚ್ಚಾಗಿಯೂ ಮಧ್ಯಾಹ್ನ ಕಡಿಮೆಯಾಗಿಯೂ ಇರುವುದು ಅದರ ಸ್ವಭಾವ. ಆದುದರಿಂದ 2.8 ಇದ್ದುದು 3.3 ಆಯಿತೆಂದು ಹೆದರಬೇಕಾಗಿಲ್ಲ.

ಅಂಕಿ ಸುಳ್ಳು ಹೇಳುವ ಸಂದರ್ಭವೂ ಒಂದುಂಟು. ಹಲವು ಪ್ರಯೋಗಶಾಲೆಗಳ ಯಂತ್ರಗಳಲ್ಲಿ ಎರಡು ಪ್ರತಿಕಾಯಗಳು ಟಿ.ಎಸ್.ಎಚ್. ಅಣುವನ್ನು ಎರಡು ಕಡೆಯಿಂದ ಹಿಡಿಯುತ್ತವೆ. ಒಂದು ಪ್ರತಿಕಾಯಕ್ಕೆ ಬಯೊಟಿನ್ ಎಂಬ ವಿಟಮಿನನ್ನು ಅಂಟಿಸಿರುತ್ತಾರೆ. ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನು ಕೊಕ್ಕೆಯಂತೆ ಆ ಬಯೊಟಿನನ್ನು ಸೆಳೆದುಕೊಳ್ಳುತ್ತದೆ. ಕೊಕ್ಕೆಗೆ ಸಿಕ್ಕಿದ್ದೆಷ್ಟು ಎಂಬುದೇ ಅಳತೆ. ರಕ್ತದಲ್ಲಿಯೇ ಬಯೊಟಿನ್ ತುಂಬಿದ್ದರೆ ಅದೇ ಮೊದಲು ಕೊಕ್ಕೆಗಳನ್ನು ಆಕ್ರಮಿಸುತ್ತದೆ, ಟಿ.ಎಸ್.ಎಚ್. ಇರುವುದಕ್ಕಿಂತ ಕಡಿಮೆಯಾಗಿ ತೋರುತ್ತದೆ. ನಮಗೆ ದಿನಕ್ಕೆ ಬೇಕಾದ ಬಯೊಟಿನ್ ಸುಮಾರು 30 ಮೈಕ್ರೋಗ್ರಾಂ. ಕೂದಲು ಬೆಳೆಯಲೆಂದು ಮಾರುವ ಗುಳಿಗೆಗಳಲ್ಲಿ 10 ಮಿಲಿಗ್ರಾಂವರೆಗೂ ಇರುತ್ತದೆ, ಅಂದರೆ ಮುನ್ನೂರು ಪಟ್ಟಿಗೂ ಮಿಕ್ಕು! ಥೈರಾಯಿಡ್ ಕೊರತೆಯಿಂದ ಕೂದಲು ಉದುರುವುದು, ಅದಕ್ಕಾಗಿ ನುಂಗಿದ ಗುಳಿಗೆಯೇ ಆ ಕೊರತೆಯನ್ನು ಮರೆಮಾಡುವುದು. ಇದಕ್ಕಿಂತ ವಿಚಿತ್ರವಾದ ಸುಳಿ ಇನ್ನೊಂದುಂಟೆ? ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಅದನ್ನು ನಿಲ್ಲಿಸುವುದು ವಾಡಿಕೆ.

ಅಂಕಿ ನಿಜವೇ ಆಗಿದ್ದರೆ ಆಯಾಸದ ಮೂಲವನ್ನು ಬೇರೆಡೆ ಹುಡುಕಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರ ಪೈಕಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಏದುಸಿರು, ಆಯಾಸ ಇವು ರಕ್ತಹೀನತೆಯ ಲಕ್ಷಣಗಳೂ ಹೌದು. ಕಬ್ಬಿಣದ ಕೊರತೆಯಿಂದ ಕೂದಲೂ ಉದುರಬಹುದು. ಹಾಶಿಮೊಟೊ ವ್ಯಾಧಿಯುಳ್ಳ ಕೆಲವರಲ್ಲಿ ಬಿ12 ವಿಟಮಿನ್ನಿನ ಕೊರತೆಯೂ ಜೊತೆಗೂಡುತ್ತದೆ. ನಿದ್ರೆಯಲ್ಲಿ ಉಸಿರು ಕಟ್ಟುವುದು, ಮನಸ್ಸಿನ ಖಿನ್ನತೆ ಇವನ್ನೂ ಮರೆಯಬಾರದು.

ಇಲ್ಲಿಯೇ ಒಂದು ಎಡವಟ್ಟು ಕಾದಿರುತ್ತದೆ. ರಕ್ತಹೀನತೆಗೆಂದು ವೈದ್ಯರು ಕಬ್ಬಿಣದ ಗುಳಿಗೆ ಕೊಡುತ್ತಾರೆ. ನೆನಪಿಗೆ ಸುಲಭವೆಂದು ಮನೆಯವರು ಎರಡನ್ನೂ ಒಟ್ಟಿಗೇ ನುಂಗುತ್ತಾರೆ. ಕಬ್ಬಿಣವು ಹೊಟ್ಟೆಯಲ್ಲಿ ಥೈರಾಕ್ಸಿನ್ನನ್ನು ಕಟ್ಟಿಹಾಕುತ್ತದೆ, ಅದು ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಕ್ಯಾಲ್ಸಿಯಮ್ಮಿನದೂ ಇದೇ ಕಥೆ. ನಡುವೆ ನಾಲ್ಕು ಗಂಟೆಗಳ ಅಂತರವಿರಬೇಕು. ಥೈರಾಕ್ಸಿನ್ನನ್ನು ಬರಿಯ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಚಹಾ ಕಾಫಿಗಾಗಲಿ ಒಗ್ಗರಣೆ ಮಿರ್ಚಿಗಾಗಲಿ ಅರ್ಧದಿಂದ ಒಂದು ಗಂಟೆ ಕಾಯಬೇಕು. ಇನ್ನು ಬಳ್ಳಾರಿಯ ಬೇಸಗೆ! ಉಷ್ಣತೆ 40 ಡಿಗ್ರಿ ದಾಟುವ ದಿನಗಳಲ್ಲಿ ಒಲೆಯ ಮೇಲಿನ ಗೂಡಿನಲ್ಲಿಟ್ಟ ಸೀಸೆಯ ಗುಳಿಗೆ ಸತ್ವ ಕಳೆದುಕೊಳ್ಳಬಹುದು. ಥೈರಾಕ್ಸಿನ್ನಿಗೆ ಬಿಸಿಯೂ ತೇವವೂ ಆಗದು.

ಪ್ರಮಾಣವನ್ನು ಬದಲಿಸಿದ ಮರುವಾರವೇ ಪರೀಕ್ಷೆ ಮಾಡಿಸುವುದೂ ವ್ಯರ್ಥ. ರಕ್ತದಲ್ಲಿರುವ ಥೈರಾಕ್ಸಿನ್ ಅರ್ಧವಾಗಲು ಸುಮಾರು 7 ದಿನ ಹಿಡಿಯುತ್ತದೆ. ಹೊಸ ಪ್ರಮಾಣಕ್ಕೆ ತಕ್ಕ ಮಟ್ಟದತ್ತ ದೇಹವು ಮೊದಲ ವಾರ ಅರ್ಧ ದಾರಿ, ಎರಡನೆಯ ವಾರ ಮುಕ್ಕಾಲು ದಾರಿ, ಐದು ವಾರಗಳಿಗೆ 97 ಪಾಲು ಸಾಗುತ್ತದೆ. 6ರಿಂದ 8 ವಾರಗಳು ಕಾಯಿರೆಂದು ವೈದ್ಯರು ಹೇಳುವುದು ಈ ಲೆಕ್ಕದಿಂದಲೇ.

ಎಲ್ಲವನ್ನೂ ಸರಿಪಡಿಸಿದರೂ ಆಯಾಸ ಉಳಿಯುವವರು 100ಕ್ಕೆ 5ರಿಂದ 10 ಮಂದಿ ಇರುವರೆಂದು ಅಂದಾಜು. ಅವರ ದೂರು ಕಲ್ಪನೆಯೆಂದು ತಳ್ಳಿಹಾಕುವುದು ಅನ್ಯಾಯ. ಥೈರಾಕ್ಸಿನ್ ಅಂಗಾಂಶಗಳಲ್ಲಿ ಟಿ3 ಎಂಬ ಹೆಚ್ಚು ಚುರುಕಾದ ರೂಪಕ್ಕೆ ತಿರುಗುವ ಕ್ರಿಯೆ ಎಲ್ಲರಲ್ಲಿಯೂ ಒಂದೇ ಸಮನಾಗಿರಲಿಕ್ಕಿಲ್ಲ. ಟಿ3ಯನ್ನೂ ಸೇರಿಸಿ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಒಟ್ಟಾರೆ ಸ್ಪಷ್ಟ ಲಾಭ ಕಂಡಿಲ್ಲ. ಕೆಲವರು ಮಾತ್ರ ಅದನ್ನೇ ಮೆಚ್ಚಿದ್ದುಂಟು.

ತಾನಾಗಿ ಒಂದೂವರೆ ಗುಳಿಗೆ ನುಂಗಿದರೆ? ಮೊದಮೊದಲು ಚುರುಕೆನಿಸಬಹುದು. ಅಧಿಕ ಥೈರಾಕ್ಸಿನ್ ಹೃದಯದ ಲಯವನ್ನು ಕೆಡಿಸುತ್ತದೆ. ಮುಟ್ಟು ನಿಂತ ಸ್ತ್ರೀಯರಲ್ಲಿ ಮೂಳೆಯನ್ನು ಸವೆಸುತ್ತದೆ. ಬೇಸತ್ತು ಗುಳಿಗೆಯನ್ನೇ ಬಿಟ್ಟರೆ ಹಳೆಯ ರೋಗ ಕೆಲವು ವಾರಗಳಲ್ಲಿ ಮರಳುತ್ತದೆ.

ಆದುದರಿಂದ ಪಾರ್ವತಿನಗರದ ಆ ಮಗಳು ತಾಯಿಯೊಡನೆ ವೈದ್ಯರಲ್ಲಿಗೆ ಹೋಗುವಾಗ ವರದಿಯ ಜೊತೆಗೆ ಇನ್ನೊಂದು ಹಾಳೆಯನ್ನೂ ಒಯ್ಯಲಿ. ಗುಳಿಗೆ ನುಂಗುವ ಹೊತ್ತು, ಚಹಾ ಕುಡಿಯುವ ಹೊತ್ತು, ಸೀಸೆ ಇಟ್ಟ ಜಾಗ, ಮನೆಯಲ್ಲಿರುವ ಬೇರೆಲ್ಲ ಗುಳಿಗೆಗಳ ಹೆಸರು ಅದರಲ್ಲಿರಲಿ. ಕೂದಲಿನ ಗುಳಿಗೆಯ ಹೆಸರನ್ನು ಬರೆಯಲು ಮರೆಯುವುದೇ ಹೆಚ್ಚು. ಅದು ಔಷಧವೆಂದು ಯಾರಿಗೂ ತೋಚುವುದಿಲ್ಲ.