ಹೃದಯ ಸರಿಯಿದೆ, ಎದೆ ಉರಿಯುತ್ತಿದೆ

ಮಣಿಪಾಲದಲ್ಲಿ ತಪಾಸಣೆ ಮುಗಿಸಿ ಕಾಪುವಿಗೋ ಕಾರ್ಕಳಕ್ಕೋ ಬಸ್ಸು ಹತ್ತುವ ಬೈಪಾಸ್ ಆದವರಲ್ಲಿ ಕೆಲವರದ್ದು ಒಂದೇ ದೂರು. ಇಸಿಜಿ ಸರಿಯಿದೆ, ಎಕೋ ಸರಿಯಿದೆ, ಹೊಲಿಗೆ ಒಣಗಿ ತಿಂಗಳುಗಳಾಗಿವೆ. ಆದರೂ ಎದೆಯ ಎಡಗಡೆ ಅಂಗಿ ತಾಗಿದರೆ ಉರಿ. ಬಸ್ಸು ಹೊಂಡಕ್ಕೆ ಇಳಿದರೆ ಕರೆಂಟು ಹೊಡೆದ ಹಾಗೆ. ಮಿಂದು ಬೈರಾಸಿನಲ್ಲಿ ಒರೆಸಿಕೊಳ್ಳುವುದೇ ಒಂದು ಶಿಕ್ಷೆ. ಅದೇ ಜಾಗವನ್ನು ಬೆರಳಿನಿಂದ ಒತ್ತಿ ನೋಡಿದರೆ ಅರ್ಧಕ್ಕರ್ಧ ಮರಗಟ್ಟಿದೆ. ‘ಪುನಃ ಹಾರ್ಟಿನದ್ದೇ ಏನೋ’ ಎಂದು ಮನೆಯವರಿಗೆ ರಾತ್ರಿ ನಿದ್ದೆಯಿಲ್ಲ.

ಇಂಥ ನೋವು ಬಹಳ ಸಲ ಹೃದಯದ್ದಲ್ಲ, ಎದೆಗೂಡಿನ ನರದ್ದು. ಇಷ್ಟನ್ನು ಗಟ್ಟಿಯಾಗಿ ಹೇಳಲು ವೈದ್ಯಲೋಕಕ್ಕೆ ದಶಕಗಳೇ ಬೇಕಾದವು. ಕೊನೆಗೆ ದಾರಿ ತೋರಿಸಿದ್ದು ಸ್ಕ್ಯಾನ್ ಯಂತ್ರವಲ್ಲ, ರೋಗಿಗೆ ಕೇಳಿದ ಒಂದು ಸಾದಾ ಪ್ರಶ್ನೆ.

ಗಾಯ ಮಾಗಿದ ಮೇಲೂ ನರ ಉರಿಯಬಹುದೆಂಬ ತಿಳಿವಳಿಕೆ ಹಳೆಯದೇ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಫಿಲಡೆಲ್ಫಿಯಾದ ವೈದ್ಯ ಸೈಲಸ್ ವಿಯರ್ ಮಿಚೆಲ್ ಗುಂಡೇಟಿನಿಂದ ನರ ಕೆಟ್ಟ ಸೈನಿಕರನ್ನು ನೋಡಿಕೊಂಡರು. ಗಾಯ ಕೂಡಿದ್ದರೂ ಉರಿ ತಾಳಲಾರದೆ ಅವರು ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು, ಬೂಟಿನೊಳಗೆ ನೀರು ಸುರಿದುಕೊಳ್ಳುತ್ತಿದ್ದರು. 1864ರಲ್ಲಿ ಮಿಚೆಲ್ ಮತ್ತು ಸಂಗಡಿಗರು ಇಂಥ ಗಾಯಗಳ ಬಗ್ಗೆ ಪುಸ್ತಕವನ್ನೇ ಬರೆದರು. ಆದರೆ ಅದು ಯುದ್ಧದ ಮಾತಾಗಿ ಉಳಿಯಿತು. ಜೀವ ಉಳಿಸುವ ಚಾಕುವೂ ಅದನ್ನೇ ಮಾಡಬಹುದೆಂದು ಜೋಡಿಸಿ ನೋಡಿದವರು ಕಡಿಮೆ.

ಅಷ್ಟರಲ್ಲಿ ಹೃದಯದ ಶಸ್ತ್ರಚಿಕಿತ್ಸೆ ದಾಪುಗಾಲಿಟ್ಟಿತು. ಎದೆಮೂಳೆಯನ್ನು ನಡುವೆ ಸೀಳಿ ಹೃದಯ ತಲುಪುವ ದಾರಿ 1957ರ ಬಳಿಕ ರೂಢಿಗೆ ಬಂತು. 1964ರಲ್ಲಿ ಲೆನಿನ್‌ಗ್ರಾಡಿನ ವಾಸಿಲಿ ಕೊಲೆಸೊವ್ ಎದೆಗೂಡಿನ ಒಳಗೋಡೆಯ ಮ್ಯಾಮರಿ ರಕ್ತನಾಳವನ್ನು ಬಿಡಿಸಿ ಹೃದಯದ ನಾಳಕ್ಕೆ ಹೊಲಿದರು. ಭಾರತದಲ್ಲಿ ಮೊದಲ ಯಶಸ್ವಿ ಬೈಪಾಸ್ ನಡೆದದ್ದು 1975ರಲ್ಲಿ, ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ. ಅದನ್ನು ಮಾಡಿದ ಡಾ. ಕೆ.ಎಂ. ಚೆರಿಯನ್ ಡಾಕ್ಟರಿಕೆ ಕಲಿತದ್ದು ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಆರಂಭಿಸಿದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ. ಬರೀ ಕಾಲಿನ ಸಿರೆ ಹೊಲಿಸಿಕೊಂಡವರಿಗಿಂತ ಮ್ಯಾಮರಿ ನಾಳ ಹೊಲಿಸಿಕೊಂಡವರು ಹತ್ತು ವರ್ಷಗಳ ಲೆಕ್ಕದಲ್ಲಿ ಹೆಚ್ಚು ಮಂದಿ ಬದುಕಿರುತ್ತಾರೆ ಎಂದು 1986ರಲ್ಲಿ ಕ್ಲೀವ್‌ಲ್ಯಾಂಡಿನ ವೈದ್ಯರು ತೋರಿಸಿದ ಮೇಲೆ ಆ ನಾಳಕ್ಕೆ ಎಲ್ಲೆಡೆ ಬೇಡಿಕೆ ಬಂತು.

ಆಯಸ್ಸು ಕೊಡುವ ಆ ನಾಳ ಇರುವ ಜಾಗವೇ ನಾಜೂಕಿನದು. ಅದು ಎದೆಮೂಳೆಯ ಅಂಚಿಗೆ ಅಂಟಿಕೊಂಡಂತೆ ಇಳಿಯುತ್ತದೆ. ಪಕ್ಕೆಲುಬುಗಳ ನಡುವೆ ಸಾಗಿ ಬರುವ ನರಗಳ ಕವಲುಗಳು ಅಲ್ಲೇ ಹಾದು ಚರ್ಮ ಸೇರುತ್ತವೆ. ನಾಳವನ್ನು ಬಿಡಿಸುವಾಗ, ಎದೆಗೂಡನ್ನು ಅಗಲಿಸಿ ಹಿಡಿಯುವಾಗ ಈ ನರಗಳಿಗೆ ಎಳೆತ, ಬಿಸಿ, ಒತ್ತಡ ತಾಗುತ್ತದೆ. ಕತ್ತರಿಸಿ ಹೋದ ನರ ಚರ್ಮವನ್ನು ಮರಗಟ್ಟಿಸುತ್ತದೆ. ಅರೆಬರೆ ಉಳಿದದ್ದೋ, ಮಳೆಗಾಲದಲ್ಲಿ ನೀರು ಕುಡಿದ ಕಾಲಿಂಗ್ ಬೆಲ್ಲಿನ ಹಾಗೆ, ಯಾರೂ ಒತ್ತದಿದ್ದರೂ ಬಾರಿಸುತ್ತಿರುತ್ತದೆ. ಬೆನ್ನುಹುರಿ ಆ ಸದ್ದನ್ನು ಹಿಗ್ಗಿಸಿ ಮಿದುಳಿಗೆ ಕಳಿಸುತ್ತದೆ. ಆಗ ಬನಿಯನ್ನಿನ ಸ್ಪರ್ಶವೂ ನೋವೇ.

1989ರಲ್ಲಿ ಕೆನಡಾದ ಟೊರಾಂಟೊದಿಂದ ಆಂಜೆಲಾ ಮೈಲಿಸ್ ಮತ್ತು ಸಂಗಡಿಗರು, ಮ್ಯಾಮರಿ ನಾಳ ಬಳಸಿದ ಬೈಪಾಸಿನ ಬಳಿಕ ಎದೆಗೋಡೆಯಲ್ಲಿ ಕಾಣಿಸುವ ನೋವಿನ ಬಗ್ಗೆ ಬರೆದರು. ಇದು ಹೊಸ ಬಗೆಯ ನೋವೇ ಎಂಬ ಪ್ರಶ್ನೆ ಲೇಖನದ ತಲೆಬರಹದಲ್ಲೇ ಇತ್ತು. ಉತ್ತರಕ್ಕೆ ಇನ್ನೊಂದು ದಿಕ್ಕಿನಿಂದ ಬಲ ಬಂತು. ಸ್ಕಾಟ್ಲೆಂಡಿನ ಕ್ರಾಂಬಿ, ಡೇವಿಸ್ ಮತ್ತು ಮ್ಯಾಕ್ರೇ ಬ್ರಿಟನ್ನಿನ ಉತ್ತರ ಭಾಗದ 10 ನೋವು ಚಿಕಿತ್ಸಾ ಕೇಂದ್ರಗಳಿಗೆ ಬಂದ 5130 ಮಂದಿಯ ನೋವು ಶುರುವಾದದ್ದು ಯಾವುದರಿಂದ ಎಂದು ವಿಚಾರಿಸಿದರು. 1998ರಲ್ಲಿ ಲೆಕ್ಕ ಪ್ರಕಟವಾಯಿತು: 22.5 ಶೇಕಡಾ ಜನರ ನೋವಿನ ಹಿಂದೆ ಯಾವುದಾದರೊಂದು ಆಪರೇಷನ್ ಇತ್ತು.

ಅಷ್ಟು ದಿನ ಇದು ಕಾಣದೆ ಹೋದದ್ದು ಹೇಗೆ? ಸರ್ಜನ್ ಗಾಯ ಮಾಗಿತೇ ಎಂದು ನೋಡುತ್ತಾರೆ, ಹೃದ್ರೋಗ ತಜ್ಞರು ಹೃದಯ ನೋಡುತ್ತಾರೆ. ನೋವು ಹಳತಾಗುವ ಹೊತ್ತಿಗೆ ರೋಗಿ ಮೂರನೆಯವರ ಮುಂದೆ ಕೂತಿರುತ್ತಾರೆ. ತಮ್ಮ ಬಾಗಿಲಲ್ಲಿ ಎಲ್ಲರೂ ಸರಿಯಾಗಿಯೇ ನೋಡಿದ್ದಾರೆ. ಮೂರನ್ನೂ ಕೂಡಿಸುವ ಪ್ರಶ್ನೆ ಮಾತ್ರ ಉಳಿದುಹೋಗಿತ್ತು.

ಕೇಳತೊಡಗಿದ ಮೇಲೆ ಚಿತ್ರ ಬೇಗ ತಿಳಿಯಾಯಿತು. 2014ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದು ಹೃದಯದ ಆಪರೇಷನ್ ಆದ 1247 ಮಂದಿಯನ್ನು ಎರಡು ವರ್ಷ ಹಿಂಬಾಲಿಸಿತು. ಹೃದಯದ್ದಲ್ಲದ ನೋವು ಮೂರು ತಿಂಗಳಿಗೆ 40.1 ಶೇಕಡಾ ಜನರಲ್ಲಿತ್ತು. ಆರು ತಿಂಗಳಿಗೆ 22.1, ವರ್ಷಕ್ಕೆ 16.5, ಎರಡು ವರ್ಷಕ್ಕೆ 9.5. ಮೊದಲ ವಾರದಲ್ಲಿ ಹೆಚ್ಚು ನೋವುಂಡವರಿಗೆ, ಆಪರೇಷನ್ನಿಗೆ ಮುಂಚೆ ತುಂಬ ಹೆದರಿದ್ದವರಿಗೆ ಅದು ಉಳಿಯುವ ಸಂಭವ ಹೆಚ್ಚು. ಈ ಅಂಕಿಗಳಲ್ಲಿ ಎರಡು ಸುದ್ದಿಗಳಿವೆ: ನೋವುಣ್ಣುವವರು ಒಬ್ಬಂಟಿಗಳಲ್ಲ, ಹೆಚ್ಚಿನವರಿಗೆ ಅದು ಇಳಿಯುತ್ತದೆ. ಆಪರೇಷನ್ನಿನ ಬಳಿಕ ಮೂರು ತಿಂಗಳು ದಾಟಿ ಉಳಿಯುವ ನೋವಿಗೆ 2022ರಲ್ಲಿ ಜಾರಿಯಾದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಈಗ ತನ್ನದೇ ಸ್ಥಾನವಿದೆ.

ಮದ್ದು ಸಿಕ್ಕಿದ್ದು ಬಳಸುದಾರಿಯಲ್ಲಿ. ಗಾಬಾಪೆಂಟಿನ್ ಮಾಡಿದ್ದು ಮಿದುಳಿನ ಗಾಬಾ ರಾಸಾಯನಿಕದ ಮಾದರಿಯಲ್ಲಿ. ಅಮೆರಿಕದಲ್ಲಿ 1993ರಲ್ಲಿ ಒಪ್ಪಿಗೆ ದೊರೆತದ್ದು ಅಪಸ್ಮಾರಕ್ಕೆ. ಅದು ಕೆಲಸ ಮಾಡುವುದು ಗಾಬಾದ ಮೂಲಕವಲ್ಲ, ನರಕೋಶದ ಕ್ಯಾಲ್ಸಿಯಂ ಬಾಗಿಲಿನ ಮೂಲಕ ಎಂದು ಆಮೇಲೆ ತಿಳಿಯಿತು. ಖಿನ್ನತೆಗೆಂದು ಬಂದ ಅಮಿಟ್ರಿಪ್ಟಿಲಿನ್ ಕೂಡ ಹಾಗೆಯೇ ನರದ ನೋವಿನ ಮದ್ದಾಯಿತು. ಆದರೆ ಅದು ಹೃದಯದ ಬಡಿತದ ಲಯ ಕೆಡಿಸಬಹುದಾದ್ದರಿಂದ ಬೈಪಾಸ್ ಆದವರಿಗೆ ವೈದ್ಯರು ಯೋಚಿಸಿಯೇ ಬರೆಯುತ್ತಾರೆ. ಈ ಮಾತ್ರೆಗಳಿಂದ ತೂಕಡಿಕೆ ಬರುತ್ತದೆ, ವಯಸ್ಸಾದವರು ಬೀಳಬಹುದು. ಕಿಡ್ನಿ ದುರ್ಬಲವಾಗಿದ್ದರೆ ಗಾಬಾಪೆಂಟಿನ್ ಪ್ರಮಾಣ ಇಳಿಸಬೇಕು. ಯಾವುದನ್ನೂ ತಟ್ಟನೆ ನಿಲ್ಲಿಸಬಾರದು.

ನಮ್ಮ ಊರುಗಳಲ್ಲಿ ಹೆಚ್ಚು ಅಪಾಯ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತರುವ ಡೈಕ್ಲೋಫೆನಾಕ್ ಜಾತಿಯ ಮಾತ್ರೆಗಳದ್ದು. ನರದ ಉರಿಗೆ ಅವು ನಾಟುವುದು ಕಡಿಮೆ, ಹೃದಯಕ್ಕೂ ಕಿಡ್ನಿಗೂ ಕೇಡು. ಮರಗಟ್ಟಿದ ಚರ್ಮಕ್ಕೆ ಬಿಸಿನೀರ ಚೀಲ ಇಡುವುದೂ ಬೇಡ, ಸುಟ್ಟರೆ ಗೊತ್ತಾಗುವುದಿಲ್ಲ. ಗಾಯ ಪೂರ್ತಿ ಮಾಗಿದ ಮೇಲೆ ಹಳೆಯ ಮೆತ್ತನೆ ಹತ್ತಿ ಬಟ್ಟೆಯಿಂದ ದಿನವೂ ಸ್ವಲ್ಪ ಹೊತ್ತು ಆ ಜಾಗವನ್ನು ಸವರಿ, ನಿಧಾನಕ್ಕೆ ಒರಟು ಬಟ್ಟೆಗೆ ಒಗ್ಗಿಸುವ ಕ್ರಮವನ್ನು ಫಿಸಿಯೋಥೆರಪಿಯವರು ಹೇಳಿಕೊಡುತ್ತಾರೆ. ಭುಜ, ಕುತ್ತಿಗೆ ಬಿಗಿಹಿಡಿದು ಕೂರದೆ ನಡೆಯಬೇಕು. ಸಾಲದಿದ್ದರೆ ನೋವು ಚಿಕಿತ್ಸಾ ವಿಭಾಗದಲ್ಲಿ ಕಲೆಯ ಸುತ್ತ ಮರಗಟ್ಟಿಸುವ ಚುಚ್ಚುಮದ್ದೂ ಇದೆ.

ಎಲ್ಲವನ್ನೂ ನರದ ತಲೆಗೆ ಕಟ್ಟುವುದೂ ತಪ್ಪು. ನಡೆದಾಗ ಬಂದು ನಿಂತಾಗ ಇಳಿಯುವ ಎದೆಬಿಗಿತ, ಕೈಗೋ ದವಡೆಗೋ ಹರಿಯುವ ನೋವು, ಬೆವರು, ಏದುಸಿರು, ಜ್ವರ, ಕೀವು, ಕೆಮ್ಮಿದಾಗ ಎದೆಮೂಳೆ ಕಟಕಟ ಎನ್ನುವುದು, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಉಳಿದವರು ಮುಂದಿನ ತಪಾಸಣೆಗೆ ಹೋಗುವಾಗ ‘ಎದೆನೋವು’ ಎಂದಷ್ಟೇ ಹೇಳಿ ನಿಲ್ಲಿಸಬಾರದು. 2005ರಲ್ಲಿ ಫ್ರಾನ್ಸಿನ ವೈದ್ಯರು ಸಿದ್ಧಪಡಿಸಿದ, ನರದ ನೋವು ಗುರುತಿಸುವ ಹತ್ತು ಅಂಶಗಳ ಪಟ್ಟಿಯಲ್ಲಿ ಏಳು ರೋಗಿಯ ಮಾತಿನಿಂದಲೇ ತಿಳಿಯುವಂಥವು: ಉರಿಯೇ, ಚಳಿಯಂಥ ನೋವೇ, ಕರೆಂಟು ಹೊಡೆದಂತೆಯೇ, ಜುಮ್ಮೆನ್ನುವುದೇ, ಸೂಜಿ ಚುಚ್ಚಿದಂತೆಯೇ, ಮರಗಟ್ಟಿದೆಯೇ, ತುರಿಕೆಯೇ. ಈ ಏಳಕ್ಕೂ ಉತ್ತರ ಚೀಟಿಯಲ್ಲಿ ಬರೆದುಕೊಂಡು, ನೋವಿನ ಜಾಗದ ಸುತ್ತ ಬೆರಳಿನಿಂದ ಗೆರೆ ಎಳೆದು ತೋರಿಸಿ. ಇಸಿಜಿ ಹೇಳದ ಸಂಗತಿ ವೈದ್ಯರಿಗೆ ಗೊತ್ತಾಗುವುದು ಅಲ್ಲಿಂದಲೇ.